ವರ್ಗಮೂಲ ಕಳುವಾದ ದಿನ

ನಿನ್ನೆ ಸಂಜೆ ನೆಟ್ಟಗಿದ್ದ ಪ್ರೋಗ್ರಾಮು ಇವತ್ತು ಬೆಳಿಗ್ಗೆ ಕೈಕೊಟ್ಟಿತೆಂದರೆ, ನಡುವೆ ಯಾರೋ ಕೈಯಾಡಿಸಿದ್ದಾರೆ. ಟೇಪಣ್ಣನಿಗೆ ಈ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವೆಲ್ಲ ಮನುಷ್ಯರ ಮೇಲಿತ್ತು.

ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡು, ಗಾಜಿನ ಕಾರ್ಖಾನೆಯ ಗೋದಾಮಿನಲ್ಲಿ ವರ್ಷಗಟ್ಟಲೆ ಗಾಜಿನ ಪುಡಿ ಕುಡಿದವನು ಅವನು. ಗಾಜಿನ ಹಾಳೆಯನ್ನು ಮೂಲೆಯಿಂದ ಮೂಲೆಗೆ ಅಳೆದು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಕೂಗುವುದು ಅವನ ಕೆಲಸ. ಉಸಿರೆಳೆದರೆ ಎದೆಯೊಳಗೆ ತುಕ್ಕು ಹಿಡಿದ ಬಾಗಿಲು ತೆರೆದ ಸದ್ದು. ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜು ಖಾಲಿಯಾದಾಗ ಮ್ಯಾನೇಜರು ಹೇಳಿದ್ದರು: "ಉದ್ದ, ಅಗಲ ಕೊಟ್ರೆ ಮೂಲೆ ಅಳತೆ ಕಂಪ್ಯೂಟರೇ ಹೇಳ್ಬೇಕು. ಮಾಡಿ ತೋರಿಸಿದ್ರೆ ಮೇಜು ನಿಂದು. ಇಲ್ಲಾಂದ್ರೆ ಗೋದಾಮು ಇದ್ದೇ ಇದೆ." ಅದಕ್ಕೆಂದೇ ಟೇಪಣ್ಣ ಸಂಜೆ ತರಗತಿಗೆ ಸೇರಿ ಸಿ ಭಾಷೆ ಕಲಿತದ್ದು. ಗಡುವು ಇವತ್ತು ಸಂಜೆಗೆ.

ಆ ಮೇಜಿನ ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಒಂದೇ ಹಟ: 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯುಆರ್‌ಟಿ.' ಎಸ್‌ಕ್ಯುಆರ್‌ಟಿ ಅಂದರೆ ವರ್ಗಮೂಲ. ಅದಿಲ್ಲದೆ ಮೂಲೆ ಅಳತೆ ಬರದು, ಅದೇ ಸಿಗುತ್ತಿಲ್ಲವಂತೆ! ನಿನ್ನೆ ಇಪ್ಪತ್ತೈದರ ವರ್ಗಮೂಲ ಐದು ಎಂದು ಇದೇ ಕಂಪ್ಯೂಟರು ಬಾಯಿಬಿಟ್ಟಿತ್ತು. ಪ್ರೋಗ್ರಾಮಿನ ನೆತ್ತಿಯಲ್ಲಿ ಗಣಿತದ ಹೆಡರ್ ಫೈಲಿನ ಹೆಸರು ಹಾಗೇ ಇದೆ. ಸಾಹೇಬರ ಕೋಣೆಯ ಬೋರ್ಡಿನಂತೆ: ಹೆಸರಿದೆ, ಕುರ್ಚಿಯಲ್ಲಿ ಆಳಿಲ್ಲ.

ಎದುರಿಗಿದ್ದವಳು ಬಿಲ್ ಬರೆಯುವ ಅಕ್ಕ, ಅದೇ ತರಗತಿಯ ಹಿಂದಿನ ಬೆಂಚಿನವಳು.

"ಅಕ್ಕ, ನನ್ನ ಕಂಪ್ಯೂಟರ್ ಮುಟ್ಟಿದ್ರಾ?"

"ಧೂಳು ಒರೆಸಿದೆ ಕಣೋ."

"ಒರೆಸಿದ್ರಾ! ಏನೇನು ಒರೆಸಿದ್ರಿ?"

ಉತ್ತರಕ್ಕೂ ಕಾಯದೆ ಟೇಪಣ್ಣ ಮ್ಯಾನೇಜರ ಮುಂದೆ ನಿಂತಿದ್ದ. "ಸಾರ್, ವರ್ಗಮೂಲ ಯಾರೋ ಎತ್ಬಿಟ್ಟಿದಾರೆ."

ವರ್ಗಮೂಲ ಅಂದರೇನೆಂದು ಮ್ಯಾನೇಜರಿಗೆ ನೆನಪಿರಲಿಲ್ಲ. ಕೇಳಿದರೆ ಕುರ್ಚಿಗೆ ಅವಮಾನ. "ಕಂಪನಿ ಮಾಲಾ?"

"ಕಂಪ್ಯೂಟರ್ ಕಂಪನೀದು ಸಾರ್. ಇದು ಅದರೊಳಗಿಂದು..."

"ಹಾಗಾದ್ರೆ ಕಂಪನಿ ಮಾಲೇ!"

ಆಳುಗಳ ಎದೆಗೆ ಹೊಕ್ಕ ಗಾಜಿನ ಪುಡಿಯನ್ನು ಒಂದು ದಿನವೂ ಹುಡುಕದಿದ್ದ ಕಂಪನಿ, ಅವರ ಜೇಬಿಗೆ ಹೊಕ್ಕಿರಬಹುದಾದ್ದನ್ನು ಹುಡುಕಲು ಚೂರೂ ತಡಮಾಡಲಿಲ್ಲ. ಗೇಟಿಗೆ ಬೀಗ ಬಿತ್ತು. ಕಾವಲಿನ ಗೇಟು ಮಾಮ ಮೀಸೆ ತಿರುವಿಕೊಂಡು ಬಂದ.

"ಎಷ್ಟು ದೊಡ್ಡದಿರುತ್ತೆ?"

"ಸಂಖ್ಯೆ ಮೇಲೆ ಹೋಗುತ್ತೆ ಮಾಮ."

"ಅಂದ್ರೆ ಮಡಚಿ ಇಟ್ಕೋಬಹುದು."

ಊಟದ ಡಬ್ಬಿ ತೆರೆಸಿದ, ಬೂಟು ಬಿಚ್ಚಿಸಿದ, ಸಾರಿನೊಳಗೆ ಸೌಟಾಡಿಸಿದ. ಗಾಜು ಕತ್ತರಿಸುವ ಮುದುಕ ಕೈಯೆತ್ತಿ ನಿಂತು, "ನನ್ನ ಹತ್ರ ಇರೋದು ಮೂಲವ್ಯಾಧಿ ಒಂದೇ ಕಣಪ್ಪಾ. ಬೇಕಾದ್ರೆ ತಗೊಂಡ್ಹೋಗು" ಎಂದ. ನಗು ಎದ್ದಿತು, ನಗುತ್ತಲೇ ಎಲ್ಲರ ಕಣ್ಣುಗಳು ಟೇಪಣ್ಣನನ್ನು ಸುಟ್ಟವು. ಅಕ್ಕನ ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಾಗ ಹಣಿಗೆ, ಮಾತ್ರೆ, ಅರ್ಧ ಬಿಸ್ಕತ್ತು ಬಿದ್ದವು. ವರ್ಗಮೂಲ ಬೀಳಲಿಲ್ಲ.

ಅಕ್ಕ ಅವನ್ನೆಲ್ಲ ಬಳಿದು ತುಂಬಿಕೊಂಡು, ನೆಟ್ಟಗೆ ಟೇಪಣ್ಣನ ಕಂಪ್ಯೂಟರಿನ ಮುಂದೆ ಬಗ್ಗಿದಳು.

"ಪ್ರೋಗ್ರಾಮ್ ಕಟ್ಟೋ ಆಜ್ಞೇಲಿ, ವರ್ಗಮೂಲ ಇರೋ ಗಣಿತದ ಲೈಬ್ರರಿ ಹೆಸರು ಯಾಕೋ ಮೊದಲು ಹಾಕಿದೀಯ?"

"ದೊಡ್ಡೋರ ಹೆಸರು ಮೊದಲಲ್ವಾ ಅಕ್ಕ? ಅರ್ಜಿ ಬರೆಯೋ ಹಾಗೆ."

"ಅರ್ಜಿ ಬರೆದೂ ಬರೆದೂ ಹಾಳಾದೆ ನೀನು! ಮೊದಲು ಬಂದ ಲೈಬ್ರರಿ, ಯಾರೂ ಏನೂ ಕೇಳ್ತಿಲ್ವಲ್ಲ ಅಂತ ಎದ್ದು ಹೋಗುತ್ತೆ. ಆಮೇಲೆ ನಿನ್ನ ಪ್ರೋಗ್ರಾಮ್ ಬಂದು ಬಾಯಿ ಬಡ್ಕೊಂಡ್ರೆ ಯಾರಿರ್ತಾರೆ? ಕೇಳೋರು ಮೊದಲು, ಕೊಡೋರು ಆಮೇಲೆ."

"ನಿನ್ನೆ ಸರಿಯಾಗೇ ಇತ್ತಲ್ಲಕ್ಕ?"

"ನಿನ್ನೆ ಇಪ್ಪತ್ತೈದು ಅಂತ ನೀನೇ ಬರೆದಿದ್ದೆ, ಕಂಪೈಲರ್ ಬಾಯಿಲೆಕ್ಕ ಮಾಡಿ ಮುಗಿಸ್ತು. ಇವತ್ತು ಅಳತೆ ಕೇಳೋ ಹಾಗೆ ಬದಲಾಯಿಸಿದೀಯ, ಯಾವ ಅಳತೆ ಬರುತ್ತೋ ಗೊತ್ತಿಲ್ಲ, ಲೈಬ್ರರಿಯನ್ನೇ ಕೂಗ್ಬೇಕು."

ಆಜ್ಞೆಯ ಸಾಲಿನ ಮೊದಲಿದ್ದ, ಗಣಿತದ ಲೈಬ್ರರಿಯನ್ನು ಕರೆಯುವ 'ಮೈನಸ್ ಎಲ್‌ಎಮ್' ಅನ್ನು ಕಿತ್ತು ಕೊನೆಗಿಟ್ಟಳು. ಉದ್ದ ನಾಲ್ಕು, ಅಗಲ ಮೂರು. ಉತ್ತರ ಐದು!

"ಸಿಕ್ತು!" ಎಂದು ಟೇಪಣ್ಣ ಕೂಗಿದ ಸದ್ದಿಗೆ ಮ್ಯಾನೇಜರೂ ಗೇಟು ಮಾಮನೂ ಓಡಿ ಬಂದರು.

"ಎಲ್ಲಿ ಸಿಕ್ತು?"

"ಇಲ್ಲೇ ಸಾರ್, ನನ್ನ ಕಂಪ್ಯೂಟರಲ್ಲೇ!"

ಗೇಟು ಮಾಮನ ಮೀಸೆ ಮೆಲ್ಲಗೆ ಮೇಲೆದ್ದಿತು. "ಕದ್ದ ಮಾಲು ದೂರು ಕೊಟ್ಟೋನ ಹತ್ರಾನೇ. ನಂಗೆ ಆಗ್ಲೇ ಅನುಮಾನ ಸಾರ್."

"ಅಯ್ಯೋ, ಕಳುವೇ ಆಗಿರ್ಲಿಲ್ಲ ಸಾರ್! ಕೊನೆಗೆ ಇಡೋದನ್ನ ಮೊದಲು ಇಟ್ಟಿದ್ದೆ ಅಷ್ಟೆ."

"ಅಂದ್ರೆ ಸುಳ್ಳು ದೂರು ಕೊಟ್ಟು ಕಾರ್ಖಾನೆ ನಿಲ್ಲಿಸಿದ್ದಾ?" ಎಂದರು ಮ್ಯಾನೇಜರು. "ನೀನು ಕಳ್ಳನೋ ಸುಳ್ಳನೋ? ಒಂದು ಆರಿಸ್ಕೋ."

ಎರಡಕ್ಕೂ ಶಿಕ್ಷೆ ಗೋದಾಮೇ ಆದ್ದರಿಂದ ಟೇಪಣ್ಣ ಆರಿಸುವ ಗೋಜಿಗೆ ಹೋಗಲಿಲ್ಲ. ಪ್ರೋಗ್ರಾಮು ಕಂಪನಿಯದಾಯಿತು. ಮಾಲು ಪತ್ತೆ ಮಾಡಿದ್ದಕ್ಕೆ ಮೇಜು ಗೇಟು ಮಾಮನದಾಯಿತು.

ಆ ಮೇಜಿನ ಪಕ್ಕದ ಕಿಟಕಿ ಗೇಟಿಗೇ ತೆರೆದುಕೊಳ್ಳುತ್ತದೆ. ಸಂಜೆ ಟೇಪಣ್ಣ ಕೆಮ್ಮುತ್ತ ಹೊರಟಾಗ ಒಳಗಿನಿಂದ ಕೂಗು ಬಂತು: "ಟೇಪಣ್ಣ, ಜೇಬು ತೋರಿಸಿ ಹೋಗು!"

ಎರಡೂ ಜೇಬು ಹೊರಗೆಳೆದು ಕೊಡವಿದ. ಇಳಿಬಿಸಿಲಿನಲ್ಲಿ ಗಾಜಿನ ಪುಡಿ ಮಿನುಗುತ್ತ ನೆಲಕ್ಕುದುರಿತು.

"ಸಾರ್!" ಗೇಟು ಮಾಮ ಮೇಜು ಬಿಟ್ಟು ಎದ್ದೇಬಿಟ್ಟ. "ಮತ್ತೆ ಕಂಪನಿ ಮಾಲು!"