ಮಗುವಿನ ಬೆನ್ನ ಹಿಂದೆ ಗಂಟೆ ಹಿಡಿದು

ನನ್ನ ಕೆಲಸದಲ್ಲಿ ನಗುವ ಸಂಗತಿಗಳಿಗೆ ಎಂದೂ ಬರ ಬಂದದ್ದಿಲ್ಲ. ಸಂಜೆ ಕೋಣೆಗೆ ಬಂದ ಮೇಲೆ ಹೇಳಿಕೊಂಡು ನಗಲಿಕ್ಕೆ ಒಂದು ಜನ ಇರಲಿಲ್ಲ, ಅಷ್ಟೆ. ಎಂಬತ್ತರ ದಶಕದ ಆರಂಭದಲ್ಲಿ ಘಟ್ಟದ ಮೇಲಿಂದ ಪುತ್ತೂರಿಗೆ ಒಬ್ಬಳೇ ಬಂದವಳು ನಾನು. ಮನೆಮನೆಗೆ ಹೋಗಿ ಸಣ್ಣ ಮಕ್ಕಳಿಗೆ ಕಿವಿ ಕೇಳುತ್ತದೋ ಇಲ್ಲವೋ ನೋಡುವುದು ಕೆಲಸ. ತಾಯಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕು. ನಾನು ಹಿಂದೆ ಅಡಗಿ ನಿಂತು ಗಂಟೆ ಆಡಿಸಬೇಕು. ಮಗು ತಿರುಗಿದರೆ ಪುಸ್ತಕದಲ್ಲಿ ‘ಕೇಳುತ್ತದೆ’ ಎಂದು ಬರೆಯುವುದು.

೧. ಎದುರು ಬನ್ನಿ

ನರಿಮೊಗರಿನ ಒಂದು ಮನೆಯಲ್ಲಿ ಬೆಲ್ಲ-ನೀರು ಕೊಟ್ಟು ಕೂರಿಸಿದರು. ಕುಡಿದು, ಎದ್ದು, ಮೆಲ್ಲ ಮಗುವಿನ ಹಿಂದೆ ಹೋದೆ. ತಾಯಿ ಮಗುವನ್ನು ಎತ್ತಿಕೊಂಡು ನನ್ನ ಕಡೆಗೇ ತಿರುಗಿ ಕೂತಳು. ಪುನಃ ಹಿಂದೆ ಹೋದೆ, ಪುನಃ ತಿರುಗಿದಳು.

“ಹಾಗೆ ಕೂರಬಾರದಮ್ಮ, ನಾನು ಹಿಂದೆ ಇರಬೇಕು” ಅಂದೆ.

“ಮನೆಗೆ ಬಂದವರಿಗೆ ಬೆನ್ನು ಹಾಕುದುಂಟಾ ಮಾರಾಯ್ರೆ?” ಎಂದು ಹೇಳಿ, ಗೋಡೆಗೆ ಬೆನ್ನು ತಾಗಿಸಿ ಕೂತಳು. “ಈಗ ಹಿಂದೆ ಹೋಗಿ ನೋಡುವ.”

೨. ಮಂಗಳಾರತಿ

ಅಜ್ಜಾವರದ ಮನೆಯಲ್ಲಿ ಜಾಗ ಸರಿಯಾಗಿ ಸಿಕ್ಕಿತು. ಗಂಟೆ ಆಡಿಸಿದೆ. ಜಗಲಿಯಲ್ಲಿದ್ದ ಅಜ್ಜ ಎದ್ದು ಕೈಮುಗಿದರು. ಅಡುಗೆಮನೆಯಿಂದ ಸೊಸೆ ಓಡಿ ಬಂದು ಕಣ್ಣು ಮುಚ್ಚಿ ನಿಂತಳು. ಮಗು ಮಾತ್ರ ತಿರುಗಿ ನನ್ನನ್ನು ನೋಡಿತು, ನಕ್ಕಿತು. ಆ ವಾರದಲ್ಲಿ ನನ್ನ ಮುಖ ನೋಡಿ ನಕ್ಕದ್ದು ಅದೊಂದೇ. ಅಜ್ಜ ಕಣ್ಣು ತೆರೆದು ಕೇಳಿದರು, “ತೀರ್ಥ ಇಲ್ವಾ?”

೩. ನಾಯಿ

ಇಚಿಲಂಪಾಡಿಯಲ್ಲಿ ಎರಡು ವರ್ಷದ ಒಂದು ಹುಡುಗಿ. ಅಂಗಳದಲ್ಲಿ ನಾಯಿಯ ಎದುರು ಕೂತಿತ್ತು. ಗಂಟೆ ಆಡಿಸಿದೆ, ತಟ್ಟನೆ ತಿರುಗಿತು. ಮೂರು ಸಲವೂ ತಿರುಗಿತು. ‘ಕೇಳುತ್ತದೆ’ ಎಂದು ಬರೆದೆ. ಅಜ್ಜಿಗೆ ಸಂತೋಷ. “ನಾನು ಹೇಳಿದ್ದಲ್ವಾ?”

ತಾಯಿ ಮಾತ್ರ ಬೇಲಿಯ ದಣಪೆಯ ತನಕ ನನ್ನ ಜೊತೆಗೇ ಬಂದಳು. “ಅಕ್ಕಾ, ನಾನು ಕರೆದ್ರೆ ತಿರುಗುದಿಲ್ಲ. ನಾಯಿ ತಿರುಗಿದ್ರೆ ಅದನ್ನು ನೋಡಿ ತಿರುಗುದು. ಮನೆಯಲ್ಲಿ ಯಾರೂ ನಂಬುದಿಲ್ಲ. ಒಂದು ಮಾತು ಬರಲಿಲ್ಲ ಅದಕ್ಕೆ ಇನ್ನೂ.”

ನಾನು ಬರೆದ ಆ ಒಂದು ಶಬ್ದಕ್ಕೆ ಆ ಮನೆಗೆ ಮತ್ತೆ ಯಾರೂ ಬರುತ್ತಿರಲಿಲ್ಲ, ಮಗು ಮೂಕಿಯಾಗಿಯೇ ಉಳಿಯುತ್ತಿತ್ತು. ವಾಪಸು ಬಂದು ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿಸಿದೆ. ಗಂಟೆ ಆಡಿಸಿ ಆಡಿಸಿ ಕೈ ಸೋತಿತು. ಮಗು ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬುತ್ತಲೇ ಇತ್ತು. ತಾಯಿ ಅಳಲಿಕ್ಕೆ ಶುರು ಮಾಡಿದಳು. ಅಜ್ಜಿಗೆ ನನ್ನ ಮೇಲೆಯೇ ಸಿಟ್ಟು.

“ನಾಯಿಯನ್ನು ಬಿಡಿ ಮೊದಲು. ಮಗುವಿಗೆ ಸರಿ ಕೇಳ್ತದೆ.”

೪. ನನ್ನ ಪರೀಕ್ಷೆ

ಬರೆದದ್ದನ್ನು ಹೊಡೆದುಹಾಕಿ ಮಂಗಳೂರಿನ ಆಸ್ಪತ್ರೆಗೆ ಚೀಟಿ ಕೊಟ್ಟೆ. ಅಲ್ಲಿ ಮಗುವಿನ ಎದೆಗೆ ಕಿವಿ ಕೇಳಿಸುವ ಒಂದು ಸಣ್ಣ ಪೆಟ್ಟಿಗೆ ಕಟ್ಟಿ, ಅದರ ವಯರನ್ನು ಕಿವಿಗೆ ಇಟ್ಟು ಕಳಿಸಿದರು.

ಆರೇಳು ತಿಂಗಳ ನಂತರ ಆ ಮನೆಗೆ ಹೋದಾಗ ಅಜ್ಜಿಯದ್ದು ದೂರು. “ಮೊದಲು ಇದರ ಎದುರು ಎಂತ ಬೇಕಾದ್ರೂ ಮಾತಾಡಬಹುದಿತ್ತು. ಈಗ ಪಿಸಿಪಿಸಿ ಮಾಡುದು ನಾವು.”

ಹಿಂದೆ ನಿಂತು ಗಂಟೆ ಆಡಿಸಿದೆ. ಹುಡುಗಿ ತಿರುಗಿತು. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಬರೆಯಲಿಕ್ಕೆ ಕೂತೆ. ಹುಡುಗಿ ಗಂಟೆ ಎತ್ತಿಕೊಂಡು ನನ್ನ ಬೆನ್ನ ಹಿಂದೆ ಹೋಗಿ ಆಡಿಸಿತು. ತಿರುಗಿದೆ. ಅದು ಗಹಗಹಿಸಿ ನಕ್ಕು “ಅಕ್ಕಾ” ಅಂದಿತು.

ಈ ಸೀಮೆಗೆ ಬಂದ ಮೇಲೆ ನನ್ನನ್ನು ಹಿಂದಿನಿಂದ ಕರೆದವರೇ ಇಲ್ಲ. ಅದು ಪುನಃ ಆಡಿಸಿತು. ಇನ್ನೊಮ್ಮೆ ಕರೆಯಲಿ ಎಂಬ ಆಸೆಗೆ ತಿರುಗದೆ ಕೂತೆ. ಅದು ಕರೆಯುತ್ತಲೇ ಇತ್ತು, ನಾನು ಕೂತೇ ಇದ್ದೆ.

ಅಜ್ಜಿ ಸೊಸೆಯ ಹತ್ತಿರ ಬಗ್ಗಿ ಮೆಲ್ಲ ಹೇಳಿದರು:

“ಪಾಪ, ಇವರಿಗೂ ಒಂದು ಪೆಟ್ಟಿಗೆ ಕಟ್ಟಿಸ್ಬೇಕು ಅಂತ ಕಾಣ್ತದೆ.”