ಕಾಯಿಲ್ಲಿಗೆ ಮೂರು ಬೆರಳು ವಿಭೂತಿ

ದಿನಕ್ಕೆ ಮುನ್ನೂರು ಜೀನ್ಸ್ ಪ್ಯಾಂಟಿಗೆ ಜಿಪ್ಪು ಕೂಡಿಸುವ ಕೈ ನನ್ನದು. ಇಂಥ ಕೈಗೆ ಕೆಟ್ಟು ನಿಂತ ನಮ್ಮ ಹಳೇ ವ್ಯಾನಿನ ಎರಡು ವೈರು ಕೂಡಿಸುವುದು ಯಾವ ಮಹಾ ಕೆಲಸ? ಭಾನುವಾರ ಬೆಳಗ್ಗೆ ಗುಮ್ಮಘಟ್ಟದ ಅತ್ತೆಮನೆಯಂಗಳದಲ್ಲಿ ನಿಂತು ಹೀಗೆಂದು ಘೋಷಿಸಿದೆ. ಕೇಳಿದವರು ಹೆಂಡತಿ ಶಿವಲೀಲಾ, ಅತ್ತೆ ಉಜ್ಜಿನಮ್ಮ ಮತ್ತು ಅತ್ತೆಯ ಒಂದು ಟಗರು. ಟಗರು ತಲೆಯಾಡಿಸಿತು. ಅದನ್ನೇ ಬಹುಮತವೆಂದು ತಿಳಿದೆ.

"ಮೆಕಾನಿಕ್‌ನ ಕರೀರಿ" ಎಂದಳು ಶಿವಲೀಲಾ. "ನಾಳೆ ಹನ್ನೊಂದಕ್ಕ ನನ್ನ ಲೈಸೆನ್ಸ್ ಟೆಸ್ಟ್ ಐತಿ. ತಪ್ಪಿದ್ರ ಈ ವಾರಕ್ಕ ಕಲಿಯೋ ಲೈಸೆನ್ಸ್ ಎಲ್ಲೆಲ್ಲಾರ್ ಮುಗೀತೈತಿ, ಮತ್ತ ಮೊದಲಿಂದ ಶುರು."

"ಮೆಕಾನಿಕ್ ಯಾಕೆ? ಮೂರು ವಿಡಿಯೊ ನೋಡಿದೀನಿ ಕಣೆ."

"ಈಜೋದೂ ವಿಡಿಯೊದಾಗ ಕಲ್ತಿದ್ರಿ. ಬಾವಿಂದ ಎತ್ತಿದ್ದು ನಮ್ಮಣ್ಣ."

ನಾನು ಅಮರಾಪುರದ ಕಡೆಯವನು. ಹೆಂಡತಿಯ ಊರಿನಲ್ಲಿ ಸೋಲೊಪ್ಪಿದರೆ ನಮ್ಮ ಕಡೆ ಹೆಣ್ಣು ಕೊಡುವವರು ಕಡಿಮೆಯಾಗುತ್ತಾರೆ. ಸ್ಪ್ಯಾನರ್ ಎತ್ತಿಕೊಂಡೆ.

ಆ ಲೈಸೆನ್ಸಿನ ಮೇಲೆ ಅವಳೊಬ್ಬಳ ಕಣ್ಣಿರಲಿಲ್ಲ. ನಮ್ಮೂರಿಂದ ರಾಯದುರ್ಗಕ್ಕೆ ಹೊಲಿಗೆಗೆ ಹೋಗುವ ಏಳು ಹೆಂಗಸರು ಷೇರ್ ಆಟೊದಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು ಹೋಗುತ್ತಾರೆ. ಶಿವಲೀಲಾ ವ್ಯಾನು ಓಡಿಸಿದರೆ ಎಲ್ಲರ ಎರಡೂ ಕಾಲು ಒಳಗೆ. ಅಷ್ಟು ಕಾಲುಗಳ ಭವಿಷ್ಯ ಒಂದು ಸತ್ತ ಕಾಯಿಲ್ಲಿನ ಮೇಲೆ ನಿಂತಿತ್ತು.

ಇಗ್ನಿಷನ್ ಕಾಯಿಲ್ ಎಂದರೆ ನೋಡಲು ಬರೀ ಒಂದು ಹಾಲಿನ ಪುಡಿ ಡಬ್ಬಿ. ಅದರೊಳಗೆ ಬ್ಯಾಟರಿಯ ಹನ್ನೆರಡು ವೋಲ್ಟ್ ಹೊಕ್ಕರೆ, ಸಾವಿರಾರು ವೋಲ್ಟ್ ಆಗಿ ಹೊರಬಿದ್ದು ಕಿಡಿ ಹಾರಿಸುತ್ತದಂತೆ. ಹೊಸ ಕಾಯಿಲ್ಲನ್ನು ಅಂಗೈಯಲ್ಲಿ ಹಿಡಿದಾಗ ಮೈ ಜುಮ್ಮೆಂದಿತು. ನಾನೂ ಹನ್ನೆರಡು ವರ್ಷ ಶಾಲೆಯೊಳಗೆ ಹೊಕ್ಕವನೇ. ಹೊರಬಿದ್ದಾಗ ಒಂದು ಕಿಡಿಯೂ ಇರಲಿಲ್ಲ.

ಕಾಯಿಲ್ ಮಾರಿದ ಅಂಗಡಿಯ ಓಬಯ್ಯ ಎರಡೇ ಮಾತು ಹೇಳಿ ಕಳಿಸಿದ್ದ. "ಕೀಲಿಯಿಂದ ಬರೋ ವೈರು ಪ್ಲಸ್ಸಿಗೆ, ಎಂಜಿನ್ ಕಡೆ ಪಾಯಿಂಟಿಗೆ ಹೋಗೋದು ಮೈನಸ್ಸಿಗೆ. ಹಳೇದು ಬಿಚ್ಚಾಕ ಮೊದಲ ಒಂದು ಫೋಟೊ ಹೊಡ್ಕಳ್ರಿ."

ಫೋಟೊ ಹೊಡೆದೆ. ಸೀಟೆತ್ತಿ, ಎಂಜಿನ್ನಿನ ಪಕ್ಕ ಕೂತು, ಸ್ಪ್ಯಾನರ್ ಹಿಡಿದು, ನಗುತ್ತ. ಆಮೇಲೆ ನೋಡಿದರೆ ಕಾಯಿಲ್ ಇರಬೇಕಾದ ಜಾಗದಲ್ಲಿ ನನ್ನ ಕಿವಿಯಿತ್ತು. ಅಷ್ಟರಲ್ಲಿ ಹಳೇ ಕಾಯಿಲ್ ಬಿಚ್ಚಿಯಾಗಿತ್ತು. ಒಂದು ಬಿಳಿ ವೈರು, ಒಂದು ಕರಿ ವೈರು. ಎರಡೂ ಎಲ್ಲಿಂದ ಬಂದವೋ, ಒಂದೇ ಟೇಪಿನ ಮುಸುಕು ಹೊದ್ದು ಒಳಗೆಲ್ಲೋ ಮಲಗಿದ್ದವು.

ನಮ್ಮತ್ತೆಯ ಮನೆಯಲ್ಲಿ ಹೊಸದಾಗಿ ಬಂದದ್ದು ಯಾವುದೂ ವಿಭೂತಿ ಹಚ್ಚಿಸಿಕೊಳ್ಳದೆ ಕೆಲಸಕ್ಕೆ ಇಳಿಯುವಂತಿಲ್ಲ. ಮಿಕ್ಸಿ, ಮೊಬೈಲ್ ಚಾರ್ಜರ್, ನಾನು, ಎಲ್ಲರೂ ಅದನ್ನು ದಾಟಿ ಬಂದವರೇ. ನಾನು ತಲೆಕೆರೆದುಕೊಳ್ಳುವಷ್ಟರಲ್ಲಿ ಅತ್ತೆ ಹೊಸ ಕಾಯಿಲ್ಲಿನ ನೆತ್ತಿಗೆ ಮೂರು ಬೆರಳು ಹಸಿ ವಿಭೂತಿ ಎಳೆದು, ಎರಡು ಬೋಲ್ಟಿನ ಬುಡಕ್ಕೂ ದಪ್ಪಗೆ ಕುಂಕುಮ ಇಟ್ಟು ಕೈಮುಗಿದಿದ್ದರು. ಪ್ಲಸ್ಸು, ಮೈನಸ್ಸು ಗುರುತು ಎರಡೂ ದೇವರ ಪಾದ ಸೇರಿದವು.

ಒರೆಸಿ ನೋಡಬಹುದಿತ್ತು. ಆದರೆ ಅತ್ತೆ ಹಚ್ಚಿದ ವಿಭೂತಿಯನ್ನು ಅತ್ತೆಯ ಮುಂದೆಯೇ ಒರೆಸುವಷ್ಟು ಗಂಡೆದೆಯ ಅಳಿಯ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಣ್ಣುಮುಚ್ಚಿ ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಕರಿ ವೈರು ಬಿಗಿದೆ.

"ಅದು ಅತ್ಲಾಗಿತ್ತಲ್ಲಪ್ಪ?" ಎಂದರು ಅತ್ತೆ.

"ಅತ್ತೆ, ಇದು ಟೆಕ್ನಿಕಲ್ ವಿಷಯ. ನೀವು ನಟ್ಟು ಹಿಡ್ಕೊಂಡಿರಿ."

ಅತ್ತೆ ನಟ್ಟು ಹಿಡಿದುಕೊಂಡರು. ಕೀಲಿ ತಿರುಗಿಸಿದೆ. ಗುರ್ರೆಂದಿತು ವ್ಯಾನು! ಆ ಸದ್ದಿಗೆ ನನ್ನ ಎದೆ ಎಷ್ಟು ಉಬ್ಬಿತೆಂದರೆ, ನನ್ನ ಅಂಗಿಗೂ ಒಂದು ಜಿಪ್ಪು ಬೇಕಾಗಿತ್ತು. ವ್ಯಾನಿಗೆ ಒಂದು ಸುತ್ತು ಬಂದೆ. ಟಗರು ಹಿಂದೆ ಸರಿದು ದಾರಿ ಬಿಟ್ಟಿತು.

ಮರುದಿನ ಎಲ್ ಬೋರ್ಡು ಅಂಟಿಸಿ ಶಿವಲೀಲಾ ಓಡಿಸಿದಳು. ಪಕ್ಕದಲ್ಲಿ ನಾನು, ಹಿಂದೆ ಅತ್ತೆ. ಸಮತಟ್ಟಿನಲ್ಲಿ ವ್ಯಾನು ಮದುಮಗಳ ಹಾಗೆ ಹೋಯಿತು. ರಾಯದುರ್ಗ ದಾಟಿ ಏರು ಸಿಕ್ಕಿದ ಕೂಡಲೇ ಬಿಕ್ಕಿತು, ಕೆಮ್ಮಿತು, ನಿಂತಿತು. ಮತ್ತೆ ಶುರು ಮಾಡಿದರೆ ಶುರುವಾಯಿತು. ನಾಲ್ಕು ಮಾರು ಹತ್ತಿ ಮತ್ತೆ ಕೈಚೆಲ್ಲಿತು. ಸಮಯ ಹತ್ತು ಗಂಟೆ.

"ಎತ್ತರದಲ್ಲಿ ಗಾಳಿ ತೆಳುವಾಗಿರುತ್ತೆ ಕಣೆ" ಎಂದೆ.

"ಆ ಗುಡ್ಡದ ಮ್ಯಾಲೆ ಮೇಕೆ ಮೇಯಾಕತ್ಯಾವು ನೋಡ್ರಿ. ಅವಕ್ಕೇನೂ ಆಗಿಲ್ಲ."

ಸ್ಟಿಯರಿಂಗ್ ಹಿಡಿದ ಕೈ ಬಿಡದೆ ರಸ್ತೆಯನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಮೂರು ತಿಂಗಳು ದಿನಾ ಕೆಲಸ ಮುಗಿಸಿ ಬಂದು ಕೆರೆಯಂಗಳದಲ್ಲಿ ಎಂಟರ ಆಕಾರ ಸುತ್ತಿದ್ದಳು. ನನಗೆ ಮೊದಲ ಸಲ ನಿಜವಾಗಿ ನಾಚಿಕೆಯಾಯಿತು.

ಅತ್ತೆ ಹಿಂದಿನಿಂದ ಇಳಿದು ಬಂದರು. "ಸೀಟು ಎತ್ತಪ್ಪ" ಎಂದರು. ಎತ್ತಿದೆ. ಸೆರಗಿನ ತುದಿಯನ್ನು ಬಾಟಲಿ ನೀರಿನಲ್ಲಿ ಅದ್ದಿ, ತಾವೇ ಹಚ್ಚಿದ ವಿಭೂತಿ ಕುಂಕುಮವನ್ನು ಪಾತ್ರೆ ತಿಕ್ಕಿದಂತೆ ತಿಕ್ಕಿ ತೆಗೆದರು.

"ಅತ್ತೆ, ದೇವರು..."

"ದೇವರಿಗೆ ಪೂಜಿ ನಿನ್ನೆನ ಮುಟ್ಟೈತಿ. ಇಲ್ನೋಡು. ಹಳೇ ಡಬ್ಬಿಯಾಗ ಬಿಳೇ ವೈರು ಕತ್ತರಿ ಗುರ್ತಿನ ಕಡಿ ಇತ್ತು, ಕರೇದು ಒಂಟಿ ಗೀಟಿನ ಕಡಿ ಇತ್ತು. ನೀನು ಅದಲು ಬದಲು ಮಾಡೀಯ."

ಅವರು ಕತ್ತರಿ ಎಂದದ್ದು ಪ್ಲಸ್, ಒಂಟಿ ಗೀಟು ಎಂದದ್ದು ಮೈನಸ್. ಅಕ್ಷರ ಬಾರದ ಅತ್ತೆ ಕುರಿಗಳ ಕಿವಿಯ ಗುರುತನ್ನು ನೋಡಿ ನೋಡಿ ಪಳಗಿದ ಕಣ್ಣಿನಿಂದ, ಗ್ರೀಸಿನ ನಡುವಿನ ಆ ಗುರುತನ್ನು ಒಂದೇ ನೋಟಕ್ಕೆ ಹಿಡಿದಿಟ್ಟಿದ್ದರು.

"ಹಂಗಾದ್ರೆ ನಿನ್ನೆ ಶುರುವಾಯ್ತಲ್ಲ ಅತ್ತೆ?"

"ಬ್ಯಾರೆ ಕುರಿಗೆ ಮರಿ ಬಿಟ್ರ ಒಂದೆರಡು ಗುಟುಕು ಕುಡೀತೈತಪ್ಪ. ಹೊಟ್ಟಿ ತುಂಬ ಹಾಲು ಬಿಡಾಕ ತಾಯೇ ಬೇಕು."

ಮೂರು ವಿಡಿಯೊಗಳಲ್ಲಿ ಯಾರೂ ನನಗೆ ಇಷ್ಟು ಸಲೀಸಾಗಿ ತಿಳಿಸಿರಲಿಲ್ಲ. ತಿರುವುಮುರುವಾದರೂ ಕಿಡಿ ಹಾರುತ್ತದೆ, ಆದರೆ ಬಡಕಲು ಕಿಡಿ; ಏರಿಗೆ ಸಾಲದು. ಕೀಲಿ ಆರಿಸಿ, ಬಿಳಿಯನ್ನು ಕತ್ತರಿಗೆ, ಕರಿಯನ್ನು ಗೀಟಿಗೆ ಬಿಗಿದೆ. ಈ ಸಲ ನಟ್ಟು ಹಿಡಿದವನು ನಾನು. ಯಾವ ವೈರು ಯಾವುದಕ್ಕೆ ಎಂದು ಹೇಳಿದವರು ಅತ್ತೆ.

ವ್ಯಾನು ಏರು ಹತ್ತಿತು. ಕೆಮ್ಮಲಿಲ್ಲ, ಬಿಕ್ಕಲಿಲ್ಲ. ಹನ್ನೆರಡು ವೋಲ್ಟಿನ ಪವಾಡ ನನ್ನ ಸೀಟಿನ ಕೆಳಗೇ ನಡೆಯುತ್ತಿತ್ತು. ನಾನು ಮಾತ್ರ ತಿರುಗಿ ಹಿಂದಿನ ಸೀಟನ್ನೇ ನೋಡುತ್ತಿದ್ದೆ. ಅಲ್ಲಿ ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದರು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಟೆಸ್ಟಿನ ಮೈದಾನ ಮುಟ್ಟಿದೆವು. ಶಿವಲೀಲಾ ಎಂಟು ಸುತ್ತಿದಳು, ದಿಬ್ಬದ ಮೇಲೆ ನಿಲ್ಲಿಸಿ ಒಂದು ಗೇಣೂ ಹಿಂದೆ ಜಾರದೆ ಎತ್ತಿದಳು. ಅಧಿಕಾರಿ ಕಾಗದಕ್ಕೆ ಸಹಿ ಹಾಕುತ್ತ ವ್ಯಾನನ್ನು ಮೇಲೆ ಕೆಳಗೆ ನೋಡಿದರು.

"ಇಷ್ಟು ಹಳೇ ಬಂಡಿ, ಭಲೇ ಎಳೀತದಲ್ಲಮ್ಮ. ಮೆಕಾನಿಕ್ ಯಾರು?"

ನಾನು ಕಾಲರ್ ಸರಿಮಾಡಿಕೊಂಡೆ. ಶಿವಲೀಲಾ ಹಿಂದಕ್ಕೆ ಬೆರಳು ತೋರಿಸಿದಳು. "ನಮ್ಮವ್ವ, ಸಾರ್."

ಅಧಿಕಾರಿ ಕನ್ನಡಕ ತೆಗೆದು ಎಲೆಯಡಿಕೆ ಜಗಿಯುತ್ತಿದ್ದ ಅತ್ತೆಯನ್ನು ನೋಡಿದರು. "ಏನು ಓದೀಯಮ್ಮ?"

"ನಾನೇನೂ ಓದಿಲ್ರಿ" ಎಂದರು ಅತ್ತೆ. "ಓದಿದಾತ ನಮ್ಮ ಅಳಿಯ. ಅದಕ್ಕ ಏರಿನಾಗ ನಿಂತಿತ್ತು."