ಹೇಳದೆ ಎದ್ದು ಬರುವ ವಿದ್ಯೆ

ಸಮಾಧಾನ ಹೇಳುವ ಕೆಲಸಕ್ಕೆ ನಾನು ನಾಲಾಯಕ್ಕು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರು ಕಷ್ಟದಲ್ಲಿದ್ದವರ ಹತ್ತಿರ ಎರಡು ಮಾತಾಡಿದರೆ ಅವರ ಮುಖ ಗೆಲುವಾಗುತ್ತದೆ. ನಾನು ಮಾತಾಡಿದರೆ ಪಕ್ಕದಲ್ಲಿ ಕೂತವರ ಮುಖವೂ ಬಾಡುತ್ತದೆ. ಹೊಸನಗರದಲ್ಲಿ ಮೇಷ್ಟರಾಗಿದ್ದಾಗ ನಮ್ಮ ಬೀದಿಯ ದರ್ಜಿ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ. ನೋಡಲು ಹೋದವನು, "ಹೋಗ್ಲಿ ಬಿಡಪ್ಪಾ, ಇನ್ನೊಂದು ಸರಿ ಇದೆಯಲ್ಲ" ಎಂದೆ. ಕಾಲು ಕೂಡಿಕೊಂಡ ಮೇಲೆ ಅವನು ನನಗೆ ಹೊಲಿದ ಅಂಗಿಗೆಲ್ಲ ಒಂದು ತೋಳು ಗಿಡ್ಡವಾಗಿಯೇ ಬರುತ್ತಿತ್ತು. ಕೇಳಿದರೆ, "ಇನ್ನೊಂದು ಸರಿ ಇದೆಯಲ್ಲ ಮೇಷ್ಟ್ರೇ" ಎನ್ನುತ್ತಿದ್ದ.

ಸಾವಿನ ಮನೆಯದು ಇನ್ನೂ ಕಷ್ಟ. ಅಲ್ಲಿಂದ ಹೊರಡುವಾಗ "ಬರ್ತೀನಿ" ಎನ್ನಬಾರದು. ಎಂದರೆ ಅಂಥದೇ ಇನ್ನೊಂದು ಸಂದರ್ಭಕ್ಕೆ ಬರುತ್ತೇನೆ ಎಂದ ಹಾಗೆ. ಹೇಳದೆ ಕೇಳದೆ ಎದ್ದು ಬರಬೇಕು. ನನಗೋ "ಬರ್ತೀನಿ" ಎನ್ನದೆ ಕಾಲು ಹೊಸಿಲು ದಾಟುವುದಿಲ್ಲ. ಒಂದು ಮನೆಯಲ್ಲಿ "ಬರ್ತೀನಿ, ಹೀಗೇ ಆಗಾಗ ಬರ್ತಿರ್ತೀನಿ" ಎಂದುಬಿಟ್ಟೆ. ಅಲ್ಲಿದ್ದ ಮುದುಕಿಯೊಬ್ಬರು ನಾನು ನಿಂತಿದ್ದ ಜಾಗಕ್ಕೆ ಒಂದು ಚೊಂಬು ನೀರು ಸುರಿದರು. ನಾನಿನ್ನೂ ಅಲ್ಲೇ ನಿಂತಿದ್ದೆ.

ಹೀಗಿರುವಾಗ ನಮ್ಮ ಶಾಲೆಯಲ್ಲೇ ಮೇಷ್ಟರಾಗಿದ್ದ ಮಂಜಪ್ಪಗೌಡರ ತಾಯಿ ತೀರಿಕೊಂಡರು. ಗೌಡರು ನನಗೆ ಬಹಳ ಬೇಕಾದವರು. ಹೋಗದಿರುವ ಹಾಗಿಲ್ಲ, ಹೋಗಿ ಬಾಯಿಬಿಟ್ಟರೆ ಸ್ನೇಹ ಉಳಿಯುವ ನಂಬಿಕೆಯಿಲ್ಲ. ಹೆಂಡತಿ ಬಾಗಿಲವರೆಗೂ ಬಂದು, "ಅಲ್ಲಿ ಏನೂ ಮಾತಾಡ್ಬೇಡಿ. ಬಸ್ಸಿನ ಹೊತ್ತಾಗ್ತಲೂ ಸುಮ್ನೆ ಎದ್ದು ಬನ್ನಿ" ಎಂದಳು.

ಮೇಳಿಗೆ ಎಂಬ ಊರಿನ ಹತ್ತಿರದ ಅವರ ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಗೌಡರು ಜಗಲಿಯಲ್ಲಿ ಮೊರ ಹಿಡಿದು ಹನ್ನೊಂದನೆಯ ದಿನದ ಅಡುಗೆಯ ಅಕ್ಕಿ ಆರಿಸುತ್ತಿದ್ದರು. ಅಳು ಇಲ್ಲ, ಮಾತಿಲ್ಲ. ಐದು ದಿನದಿಂದ ಹೀಗೇ ಎಂದು ಅವರ ಹೆಂಡತಿ ಪಿಸುಗುಟ್ಟಿದರು. ಬಂದವರೆಲ್ಲ "ತುಂಬು ಬಾಳು ಬಾಳಿದ್ರು" ಎಂದು ಹೇಳಿ ಅಚ್ಚುಕಟ್ಟಾಗಿ ಎದ್ದು ಹೋಗುತ್ತಿದ್ದರು. ಬಸ್ಸಿನಲ್ಲಿ ನಾನೂ ಎರಡು ವಾಕ್ಯ ಬಾಯಿಪಾಠ ಮಾಡಿದ್ದೆ. ಗೌಡರ ಮುಖ ಕಂಡದ್ದೇ ಎರಡೂ ಮರೆತುಹೋದವು. ಕೈಗೆ ಕೆಲಸವಿರಲಿ ಎಂದು ಇನ್ನೊಂದು ಮೊರ ಎಳೆದುಕೊಂಡು ಕೂತೆ.

ವಾಪಸು ಬಸ್ಸು ಮೂರೂವರೆಗೆ. ಅದು ತಪ್ಪಿದರೆ ಮಾರನೆಯ ಬೆಳಿಗ್ಗೆಯೇ. ಮೂರು ಗಂಟೆಗೆ ಅಕ್ಕಿ ಮುಗಿಯಿತು, ಅರ್ಧ ಎದ್ದೆ. ಗೌಡರು ತಲೆಯೆತ್ತದೆ ಒಂದು ಸೇರು ಅಕ್ಕಿ ನನ್ನ ಮೊರಕ್ಕೆ ಸುರಿದರು. ಕೂತೆ. ಮೂರೂಕಾಲಿಗೆ ಮತ್ತೆ ಅರ್ಧ ಎದ್ದೆ. ಮತ್ತೊಂದು ಸೇರು ಬಿತ್ತು. ವಿಚಿತ್ರವೆಂದರೆ ಅಷ್ಟು ಅಕ್ಕಿಯಲ್ಲಿ ನನಗೆ ಒಂದು ಕಲ್ಲೂ ಸಿಗಲಿಲ್ಲ. ನನ್ನ ಕನ್ನಡಕ ಬದಲಾಯಿಸಬೇಕು ಎಂದುಕೊಳ್ಳುತ್ತಿರುವಾಗಲೇ ರಸ್ತೆಯಲ್ಲಿ ಬಸ್ಸು ಹಾರನ್ ಹಾಕಿಕೊಂಡು ಹೋಗಿಯೇ ಹೋಯಿತು.

ಆಗ ಗೌಡರು ಬಾಯಿಬಿಟ್ಟರು. "ಅವ್ವ ಇದ್ದಿದ್ರೆ ನಾವು ಆರ್ಸಿದ್ದನ್ನ ಮತ್ತೊಂದ್ಸಲ ಆರ್ಸೋಳು ಮೇಷ್ಟ್ರೇ. ನಮ್ಮ ಮೇಲೆ ನಂಬಿಕೇನೇ ಇರ್ಲಿಲ್ಲ ಅವಳಿಗೆ" ಎಂದು ನಕ್ಕು, ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತರು. ನನಗೂ ಕಣ್ಣೀರು ಬಂತು. ಅದರಲ್ಲಿ ಸ್ವಲ್ಪ ಬಸ್ಸಿನದು.

ರಜ ಮುಗಿಸಿ ಬಂದ ಗೌಡರು, "ಸಮಾಧಾನ ಅಂದ್ರೆ ನಮ್ಮ ಮೇಷ್ಟ್ರು ಮಾಡಿದ್ದು. ಒಂದು ಮಾತಾಡ್ಲಿಲ್ಲ" ಎಂದು ಶಾಲೆಯಲ್ಲೆಲ್ಲ ಹೇಳಿದರು. ಹೊಗಳುವವರ ಮಾತಿಗೆ ಅಡ್ಡ ಬರುವುದು ಸಭ್ಯತೆಯಲ್ಲ; ಬಸ್ಸಿನ ವಿಷಯ ನಾನು ಎತ್ತಲಿಲ್ಲ.

ಎರಡು ವರ್ಷದ ಮೇಲೆ ಸಾಗರದಲ್ಲಿ ನಮ್ಮ ಅಮ್ಮ ಹೋದಳು. ಬಂದವರೆಲ್ಲ ತುಂಬು ಬಾಳು ಎಂದರು. ನಿಜವೇ. ಆದರೆ ಆ ನಿಜದಿಂದ ನನಗೆ ಮೂರು ಕಾಸಿನ ಉಪಯೋಗವಾಗಲಿಲ್ಲ. ಆರನೆಯ ದಿನ ಗೌಡರು ಬಂದರು. ಮಾತಾಡಲಿಲ್ಲ, ಇನ್ನೊಂದು ಮೊರ ಎಳೆದುಕೊಂಡು, ಅಕ್ಕಿ ಆರಿಸುತ್ತಿದ್ದ ನನ್ನ ಪಕ್ಕ ಕೂತರು. ಎದೆಯ ಮೇಲಿನ ಭಾರ ಇಳಿಯುತ್ತಾ ಬಂತು. ಅಷ್ಟರಲ್ಲಿ ಅವರ ಕಣ್ಣು ಗಡಿಯಾರದ ಕಡೆ ಹೋದದ್ದು ಕಂಡಿತು. ಎಲಾ ಇವರ, ಎನಿಸಿತು.

"ಬಸ್ಸಿಗೆ ಹೊತ್ತಾಯ್ತಾ ಗೌಡ್ರೇ?" ಎಂದೆ.

"ಆಯ್ತು. ಅವತ್ತು ನೀವೂ ಹೀಗೇ ನೋಡ್ತಿದ್ರಿ."

"ಗೊತ್ತಿತ್ತಾ ನಿಮಗೆ?"

"ಗೊತ್ತಿಲ್ದೆ ಎಂತ? ಅದು ಹಿಂದಿನ ದಿನವೇ ಆರ್ಸಿಟ್ಟ ಅಕ್ಕಿ ಮಾರಾಯ್ರೇ. ನೀವು ಎದ್ದು ಹೋಗ್ಬಿಡ್ತೀರೇನೋ ಅಂತ ಹೆದ್ರಿಕೆ ಆಗಿ ಸುರೀತಾ ಇದ್ದೆ."

ಗೌಡರು ಮೊರ ಕೊಡವಿ ಕೆಳಗಿಟ್ಟು, ಸದ್ದಿಲ್ಲದೆ ಅರ್ಧ ಎದ್ದರು. ಹೇಳದೆ ಎದ್ದು ಹೋಗುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ನಾನು ಬದಿಯಲ್ಲಿದ್ದ ಡಬ್ಬಕ್ಕೆ ಕೈಹಾಕಿ, ಬೆಳಿಗ್ಗೆಯೇ ಆರಿಸಿಟ್ಟಿದ್ದ ಅಕ್ಕಿಯಲ್ಲಿ ಒಂದು ಸೇರು ತೆಗೆದು ಅವರ ಮೊರಕ್ಕೆ ಸುರಿದೆ.